ತೊವಗೂರಿನಿಂದ ಪಟ್ಟಂದೂರಿಗೆ ಒಂದು ಬೆಳಗ್ಗೆ

ಬೆಂಗಳೂರಿನ ಹಳೆಯದನ್ನು ತೋರಿಸಿ ಎಂದು ಕೇಳಿದ ನೆಂಟರನ್ನು ನಾವು ಕರೆದೊಯ್ಯುವ ಜಾಗಗಳು ಗೊತ್ತೇ ಇವೆ: ಕೋಟೆ, ಪೇಟೆ, ಟಿಪ್ಪು ಅರಮನೆ, ಬಸವನಗುಡಿಯ ದೊಡ್ಡ ಬಸವ, ಲಾಲ್‌ಬಾಗಿನ ಬಂಡೆ. ದುಡ್ಡು ಕೊಟ್ಟು ಗೈಡ್ ಜೊತೆ ಅರ್ಧ ದಿನ ಸುತ್ತುವ ಹೆರಿಟೇಜ್ ವಾಕ್‌ಗಳೂ ಬಹುಮಟ್ಟಿಗೆ ಇದೇ ಬೀದಿಗಳಲ್ಲಿ ನಡೆಯುತ್ತವೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಗೆ ಯಾರೂ ಇತಿಹಾಸ ನೋಡಲು ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ಕೆಲಸಕ್ಕೆ, ಇಲ್ಲವೇ ಬಾಡಿಗೆ ಮನೆ ಹುಡುಕುವುದಕ್ಕೆ.

ಆದರೆ ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಕೆಂಪೇಗೌಡರು ಪೇಟೆ ಕಟ್ಟಿಸಿದ್ದು 1537ರಲ್ಲಿ. ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲೆ ಕಾಣಿಸುವುದು ಅದಕ್ಕೂ ಆರು ಶತಮಾನ ಹಿಂದೆ, ಸುಮಾರು 890ರಲ್ಲಿ. ಅದೂ ಪೇಟೆಯಲ್ಲಲ್ಲ, ಎಲೆಕ್ಟ್ರಾನಿಕ್ ಸಿಟಿಯ ನೆರೆಯ ಬೇಗೂರಿನಲ್ಲಿ. ಊರಿನ ನಡುವಿಗಿಂತ ಅಂಚೇ ಹಳೆಯದು. ನಾವು ಹೊಸ ಬೆಂಗಳೂರು ಎನ್ನುವ ಐಟಿ ಪಟ್ಟಿ ನಿಂತಿರುವುದು ಈ ಜಿಲ್ಲೆಯ ತೀರಾ ಹಳೆಯ ಹಳ್ಳಿಗಳ ಹೊಲದಲ್ಲಿ.

ಇದಕ್ಕೆ ಕಾರಣ ನೀರು. ಬೆಂಗಳೂರಿನ ನಡುಭಾಗ ಎತ್ತರದ ದಿಣ್ಣೆ. ದೊಡ್ಡ ನದಿಯಿಲ್ಲ, ಬಿದ್ದ ಮಳೆ ಕಣಿವೆಗಳಲ್ಲಿ ಇಳಿದು ಹೊರಕ್ಕೆ ಹರಿದುಹೋಗುತ್ತದೆ. ಭತ್ತ ಬೆಳೆಯಬೇಕೆಂದವರು ದಿಣ್ಣೆಯ ಮೇಲೆ ಕೂರಲಿಲ್ಲ, ಕೆಳಗಿನ ಕಣಿವೆಗಳಿಗೆ ಅಡ್ಡ ಏರಿ ಹಾಕಿ ಕೆರೆ ಕಟ್ಟಿದರು. ಕೆರೆ ಇದ್ದಲ್ಲಿ ಗದ್ದೆ, ಗದ್ದೆ ಇದ್ದಲ್ಲಿ ಗುಡಿ, ಗುಡಿ ಇದ್ದಲ್ಲಿ ದಾನ, ದಾನ ಇದ್ದಲ್ಲಿ ಶಾಸನ. ದನ ಹೊಡೆದುಕೊಂಡು ಹೋಗಲು, ಊರು ಕಸಿಯಲು ಬಂದವರೊಂದಿಗೆ ಹೊಡೆದಾಡಿ ಸತ್ತವರಿಗೆ ವೀರಗಲ್ಲು. ಇವನ್ನೆಲ್ಲ ಒಂದೇ ಬೆಳಗ್ಗೆ ನೋಡಿಬರಬಹುದಾದ ಒಂದು ಸುತ್ತು ಇದೆ. ಭಾನುವಾರ ಬೆಳಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ವಾರದ ದಿನ ಈ ಸಾಹಸ ಬೇಡ. ಅರ್ಧ ದಿನ ಸಿಲ್ಕ್ ಬೋರ್ಡಿನಲ್ಲೇ ಕಳೆದೀತು.

ಸುತ್ತು ಶುರುವಾಗುವುದು ಎಲೆಕ್ಟ್ರಾನಿಕ್ ಸಿಟಿಯಿಂದ. ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರ ಕನಸಿನಂತೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಇದು ಎದ್ದಿತು. ದೊಡ್ಡತೋಗೂರು ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಬೇಗೂರಿನ ಇನ್ನೊಂದು ಕಲ್ಲಿನಲ್ಲಿ ಅದು ಮತ್ತೆ ಸಿಗುತ್ತದೆ.

ಬೇಗೂರಿಗೆ ಭಾನುವಾರ ಮುಂಜಾನೆ ಅರ್ಧ ಗಂಟೆಯೂ ಬೇಡ. ಊರ ನಡುವಿನ ಪಂಚಲಿಂಗೇಶ್ವರ ದೇವಸ್ಥಾನದ ಐದು ಗುಡಿಗಳಲ್ಲಿ ನಾಗೇಶ್ವರ, ನಗರೇಶ್ವರ ಎರಡೂ ಗಂಗರ ಕಾಲದವು. ಉಳಿದವು ಆಮೇಲೆ ಬಂದ ಚೋಳರ ಕಾಲದವು. ಎತ್ತರದ ಹೊಸ ಗೋಪುರ ನೋಡಿ ಇದು ನಿನ್ನೆ ಮೊನ್ನೆಯ ದೇವಸ್ಥಾನ ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಒಳಗೆ ಹೋಗಿ ನಾಗೇಶ್ವರ ಗುಡಿಯ ಮಂಟಪದಲ್ಲಿ ಕತ್ತೆತ್ತಿ ಚಾವಣಿ ನೋಡಬೇಕು: ನಡುವೆ ಉಮಾಮಹೇಶ್ವರ, ಸುತ್ತ ತಮ್ಮ ತಮ್ಮ ವಾಹನಗಳ ಮೇಲೆ ಅಷ್ಟದಿಕ್ಪಾಲಕರು. ಗಂಗರ ಶಿಲ್ಪ ಎಂದರೆ ಶ್ರವಣಬೆಳಗೊಳ, ತಲಕಾಡು ಎಂದಷ್ಟೇ ಓದಿಕೊಂಡವರಿಗೆ ಬಿಎಂಟಿಸಿ ಬಸ್ಸು ಹೋಗುವ ಊರಿನಲ್ಲಿ ಇದು ಇದೆ ಎನ್ನುವುದೇ ಸುದ್ದಿ.

ಬೆಂಗಳೂರಿನ ಹೆಸರಿರುವ ಕಲ್ಲೂ ಇದೇ ಆವರಣದಲ್ಲಿದೆ. ಯಾರನ್ನಾದರೂ ಕೇಳಿದರೆ "ಆ ಕಲ್ಲಾ? ಅಲ್ಲೇ ಸೈಡ್‌ಗಿದೆ ನೋಡಿ ಸಾರ್" ಎನ್ನುತ್ತಾರೆ. ಬರಹ ಚಿಕ್ಕದು. ನಾಗತ್ತರನೆಂಬ ಗಂಗರ ಅಧಿಕಾರಿಯ ಮಗ ಬುಟ್ಟಣಪತಿ ಮತ್ತು ಅವನ ಮನೆಯಾಳು ಪೆರ್ವೋಣಶೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಸತ್ತರು ಎಂಬುದು ಅದರ ಸಾರ. ಯಾರ ಮೇಲೆ ಯಾರ ಕಾಳಗ, ಯಾತಕ್ಕೆ ಎಂಬುದನ್ನು ಕೆತ್ತಿದವನು ಹೇಳುವ ಗೋಜಿಗೆ ಹೋಗಿಲ್ಲ. ಓದುವವರಿಗೆಲ್ಲ ಗೊತ್ತಿದ್ದ ವಿಷಯ ತಾನೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಇದನ್ನು ಬೆಳಕಿಗೆ ತಂದರು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯಿಂದ ಊರಿಗೆ ಹೆಸರು ಬಂತು ಎನ್ನುವವರಿಗೆ ಈ ಕಲ್ಲೇ ಉತ್ತರ. ಬಲ್ಲಾಳ ಹುಟ್ಟುವ ಮೊದಲೇ ಈ ಹೆಸರಿನ ಊರಿನ ಕಾಳಗದಲ್ಲಿ ಜನ ಸತ್ತಿದ್ದರು.

ನಾಗತ್ತರನ ಮನೆತನದ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅವನ ಮಗಳು ತೊಂಡಬ್ಬೆ ಜೈನ ಸಮಾಧಿವಿಧಿಯಲ್ಲಿ ದೇಹ ಬಿಟ್ಟಳೆಂದು ಬೇಗೂರಿನ ಇನ್ನೊಂದು ಶಾಸನ ಹೇಳುತ್ತದೆ. ಕೊನೆಗೆ ನಾಗತ್ತರನೂ ತುಂಬೆಪಾಡಿಯ ಯುದ್ಧದಲ್ಲಿ, ಅರಸ ಎರೆಯಪ್ಪನ ಮಾತಿನಂತೆ ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನ ಸೇನೆಯೊಂದಿಗೆ ಕಾದಾಡಿ ಆನೆಗಳ ನಡುವೆ ಮಡಿದ. ಆ ವೀರಗಲ್ಲು ಈಗ ಬೇಗೂರಿನಲ್ಲಿಲ್ಲ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲು, ಕತ್ತಿ, ಬಿದ್ದ ಹೆಣ ಎಲ್ಲವನ್ನೂ ಒತ್ತೊತ್ತಾಗಿ ತುಂಬಿದ ಆ ಯುದ್ಧದ ಚಿತ್ರಕ್ಕೆ ಕರ್ನಾಟಕದ ವೀರಗಲ್ಲುಗಳಲ್ಲಿ ಸಾಟಿ ಕಡಿಮೆ. ಈ ಸುತ್ತಿನಲ್ಲಿ ಅದನ್ನು ನೋಡಲಾಗುವುದಿಲ್ಲವೆಂಬುದೇ ಕೊರತೆ. ಬೇಗೂರಿನಲ್ಲಿ ಅದರ ಒಂದು ಪ್ರತಿಕೃತಿಯನ್ನಾದರೂ ನಿಲ್ಲಿಸಿದರೆ ಊರಿಗೂ ಲಾಭ, ನೋಡಲು ಹೋದವರಿಗೂ ಲಾಭ.

ಆ ಕಲ್ಲಿನ ಬರಹದ ಕೊನೆಯಲ್ಲಿ ಒಂದು ಪಟ್ಟಿ ಇದೆ. ನಾಗತ್ತರನ ಪದವಿಯ ಜೊತೆಗೆ ಬೆಂಪೂರು ಹನ್ನೆರಡು ಎಂಬ ಹಳ್ಳಿಗುಂಪನ್ನು ಎರೆಯಪ್ಪ ಇರುಗ ಎಂಬವನಿಗೆ ಕೊಟ್ಟ. ಆ ಹಳ್ಳಿಗಳ ಹೆಸರುಗಳನ್ನು ಓದುತ್ತ ಹೋದರೆ ತೊವಗೂರು, ಪುಲಿಮಂಗಲ, ಇಗ್ಗಲೂರು ಬರುತ್ತವೆ. ಇವತ್ತಿನ ತೋಗೂರು, ಹುಲಿಮಂಗಲ, ಇಗ್ಗಲೂರು. ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ಇರುವವರು ದಿನವೂ ಆಟೊದವರಿಗೆ ಹೇಳುವ ಹೆಸರುಗಳು ಇವು. ಸಾವಿರದ ನೂರು ವರ್ಷದ ಹಿಂದಿನ ದಾನಪತ್ರದ ಊರುಗಳಿಗೆ ಈಗ ಪಿನ್‌ಕೋಡ್ ಬಂದಿದೆ.

ಬೇಗೂರಿನಲ್ಲಿ ಬೆಳಗ್ಗೆ ಬೇಗ ಇರಬೇಕು ಎನ್ನುವುದಕ್ಕೆ ಟ್ರಾಫಿಕ್ ಒಂದೇ ಕಾರಣವಲ್ಲ. ಸವೆದ ಅಕ್ಷರ ಕಾಣುವುದು ಓರೆ ಬೆಳಕಿನಲ್ಲಿ. ನೆತ್ತಿಯ ಮೇಲೆ ಸೂರ್ಯ ಬಂದರೆ ಕೆತ್ತನೆಯ ನೆರಳು ಅಳಿದು ಕಲ್ಲು ಬರಿದಾಗಿ ಕಾಣುತ್ತದೆ. ಮೋಡವಿದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಲ್ಲಿ ಹಿಡಿದರೆ ಸಾಕು. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಹಿಟ್ಟು, ಸೀಮೆಸುಣ್ಣ ತಿಕ್ಕುವ ಹಳೇ ಚಾಳಿ ಬೇಡ. ಭಕ್ತಿಯಿಂದ ಎಣ್ಣೆ, ಬಣ್ಣ ಬಳಿಯುವವರಿಗೆ ಮಾತ್ರ ಹೇಳುವುದು ಕಷ್ಟ.

ಈ ಕಲ್ಲುಗಳನ್ನು ಓದುವವರ ಬಗ್ಗೆಯೂ ಹೇಳಬೇಕು, ಅವರಿಲ್ಲದೆ ಈ ಸುತ್ತೇ ಇಲ್ಲ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚು ಹಾಕಿಸಿದರು. ಆ ಕಾಲದ ವಿಧಾನವೇ ಇವತ್ತಿಗೂ ಶಾಸನತಜ್ಞರ ಕೈಕೆಲಸ: ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ಕಾಗದವನ್ನು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿ ಒತ್ತಿದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಏಳುತ್ತದೆ. ರೈಸ್ ನೋಡಿದ ಕಲ್ಲುಗಳಲ್ಲಿ ಎಷ್ಟೋ ಲೇಔಟುಗಳ ಅಡಿಗೆ, ಮೋರಿಯ ಚಪ್ಪಡಿಗೆ, ಮನೆಯ ಪಾಯಕ್ಕೆ ಹೋದವು. 1909ರಲ್ಲಿ ಹುಟ್ಟಿದ, ನೃಪತುಂಗ ರಸ್ತೆಯ ಡೇಲಿ ಮೆಮೋರಿಯಲ್ ಹಾಲ್‌ನಲ್ಲಿರುವ ಮಿಥಿಕ್ ಸೊಸೈಟಿ ಉಳಿದ ಕಲ್ಲುಗಳ ಮುಂದೆ ತ್ರೀ-ಡಿ ಸ್ಕ್ಯಾನರ್ ಇಟ್ಟಿದೆ. ಪಿ.ಎಲ್. ಉದಯಕುಮಾರ್ ನೇತೃತ್ವದ ಈ ಯೋಜನೆ 2021ರಿಂದ ಊರೂರು ಸುತ್ತಿ ಶಾಸನಗಳನ್ನು ಡಿಜಿಟಲ್ ರೂಪದಲ್ಲಿ ಉಳಿಸುತ್ತಿದೆ. ಕಾಗದದ ಅಚ್ಚಿನಲ್ಲಿ ಬೆಳಕನ್ನು ಬದಲಿಸಿ ನೋಡಲಾಗುವುದಿಲ್ಲ. ಸ್ಕ್ಯಾನ್‌ನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಬಹುದು. ಹಿಂದೆ ತಪ್ಪಾಗಿ ಓದಿದ ಅಕ್ಷರಗಳನ್ನು ಹೀಗೆ ತಿದ್ದಬಹುದು. ಸಾಫ್ಟ್‌ವೇರ್ ಊರಿನ ಇತಿಹಾಸಕ್ಕೆ ಅದೇ ಊರಿನ ಸಾಫ್ಟ್‌ವೇರ್ ಹೀಗಾದರೂ ಒದಗಿಬಂತು.

ಬೇಗೂರಿನಿಂದ ಅಗರ. ಹೊರವರ್ತುಲ ರಸ್ತೆಯ ಮೇಲ್ಸೇತುವೆಗಳ ಪಕ್ಕದಲ್ಲಿ ಹಳೆಯ ಅಗರ ಇನ್ನೂ ಉಸಿರಾಡುತ್ತಿದೆ. ಇಲ್ಲಿನ ಗಂಗರ ಶಾಸನ ಸುಮಾರು 870ರದು. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇರಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಮೂರೂ ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ಅದರಲ್ಲಿದೆ. ಬಿತ್ತುವಟ್ಟ ಎಂದರೆ ಕೆರೆ ಕಟ್ಟಿ ಕಾಪಾಡುವವನಿಗೆ ಅದರ ಕೆಳಗಿನ ಜಮೀನಿನಿಂದ ಬಿಟ್ಟುಕೊಟ್ಟ ಪಾಲು. ಸಿರಿಮಯ್ಯನ ಆಳ್ವಿಕೆಗೆ ಸೇರಿದ್ದ ಇರ್ವುಳಿಯೂರು ಇವತ್ತಿನ ಇಬ್ಬಲೂರು ಜಂಕ್ಷನ್. ತಂತ್ರಜ್ಞಾನದ ಹೆಸರಿನಲ್ಲಿ ಮೆರೆಯುವ ಈ ರಸ್ತೆಯಲ್ಲಿ ದಾಖಲಾದ ಮೊದಲ ಎಂಜಿನಿಯರಿಂಗ್ ಕೆಲಸ ತೂಬು ಎಂಬುದು ನನಗೆ ಬಲು ಇಷ್ಟ. ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. 2018ರ ಜನವರಿಯಲ್ಲಿ ಬೆಂಕಿ ಹತ್ತಿ ಉರಿದ ಬೆಳ್ಳಂದೂರು ಕೆರೆ ಇದೇ ಸರಪಳಿಯ ಕೊಂಡಿ. ಕೆರೆ ಕಾಪಾಡಿದವನಿಗೆ ಪಾಲು ಎಂಬ ಹಳೆಯ ಕರಾರು ಎಲ್ಲಿ ಹರಿದುಹೋಯಿತೋ ಅಲ್ಲಿಂದಲೇ ಬೆಳ್ಳಂದೂರಿನ ನೊರೆ ಶುರುವಾಗಿರಬೇಕು.

ಇಲ್ಲಿ ತಿಂಡಿ ಮುಗಿಸಿಬಿಡಿ. ಮುಂದೆ ಹೋದಂತೆ ಇಡ್ಲಿಯ ಬೆಲೆ ಏರುತ್ತದೆ.

ಎಚ್‌ಎಎಲ್ ಬಳಿಯ ವಿಭೂತಿಪುರವನ್ನು ಕಾಡುಗೋಡಿಗೆ ಹೋಗುವ ದಾರಿಯಲ್ಲೇ ನೋಡಬಹುದು. ಮೂರನೇ ಬಲ್ಲಾಳನ ಕಾಲದ, 1307ರ ತಮಿಳು ಶಾಸನ ಕಾಡು ಕಡಿದು, ನೆಲ ಸಮ ಮಾಡಿ, ಕೆರೆ ಕಟ್ಟಿ ಊರು ಮಾಡಿದ್ದನ್ನು ಹೇಳುತ್ತದೆ. ಇಂದಿನ ಲೇಔಟ್ ಬ್ರೋಷರಿನ ಪೂರ್ವಜ ಅದು, ಕೆರೆ ಮಾತ್ರ ಹೆಚ್ಚುವರಿ. ತಮಿಳು ಶಾಸನ ಎಂದು ಹುಬ್ಬೇರಿಸಬೇಕಿಲ್ಲ. ಹನ್ನೊಂದನೇ ಶತಮಾನದಲ್ಲಿ ಚೋಳರು ಈ ಸೀಮೆಯನ್ನು ಗೆದ್ದ ಮೇಲೆ ಪೂರ್ವದ ಹಳ್ಳಿಗಳಲ್ಲಿ ಕನ್ನಡ, ತಮಿಳು ಎರಡೂ ಕಲ್ಲಿಗೇರಿದವು.

ಕಾಡುಗೋಡಿಯ ಕಾಶಿ ವಿಶ್ವೇಶ್ವರ ದೇವಸ್ಥಾನದ ಶಾಸನವೂ ತಮಿಳಿನದೇ. ರಾಜೇಂದ್ರ ಚೋಳನ ಹೆಸರಿನ ಈ ಶಾಸನದ ಕಾಲ 1043. ರಾಜರಾಜ ವೇಳಾನ್ ಎಂಬ ಸ್ಥಳೀಯ ಮುಖ್ಯಸ್ಥ ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬು ಇಟ್ಟು, ದುರ್ಗೆ, ಗಣಪತಿ, ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿಸಿದ ವಿವರ ಅದರಲ್ಲಿದೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೊ ಓಡತೊಡಗಿದಾಗ ಒಂದು ನಿಲ್ದಾಣಕ್ಕೆ ಪಟ್ಟಂದೂರು ಅಗ್ರಹಾರ ಎಂದೇ ಹೆಸರಿಟ್ಟರು. ಟೆಕ್ ಪಾರ್ಕಿಗೆ ಇಳಿಯುವವರು ಧ್ವನಿವರ್ಧಕದಲ್ಲಿ ಕೇಳಿಸಿಕೊಳ್ಳುವುದು ಆ ಚೋಳ ಶಾಸನದ ಊರಿನ ಹೆಸರನ್ನೇ. ಕೆರೆಯ ಅಂಗಳದ ಒತ್ತುವರಿ ವಿರುದ್ಧ ಇಲ್ಲಿನ ನಿವಾಸಿಗಳು ಬೀದಿಗಿಳಿದು ಹೋರಾಡಿದ್ದಾರೆ. ಅವರಲ್ಲಿ ಬಹುಪಾಲು ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಅಪಾರ್ಟ್‌ಮೆಂಟಿನವರು. ಹೊರಗಿನವರಿಗೆ ಊರಿನ ಚಿಂತೆಯಿಲ್ಲ ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸುತ್ತಿನ ಕೊನೆಗೆ ವೈಟ್‌ಫೀಲ್ಡಿನ ಇನ್ನರ್ ಸರ್ಕಲ್. ಈವರೆಗೆ ನೋಡಿದ್ದಕ್ಕೆ ಹೋಲಿಸಿದರೆ ಇದು ಮೊನ್ನೆಯದು. ಯುರೇಶಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘದ ಮುಖಂಡ ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ತಮ್ಮ ಸಮುದಾಯದವರು ಸರ್ಕಾರಿ ಗುಮಾಸ್ತಿಕೆಯನ್ನೇ ನಂಬಿರದೆ ಬೇಸಾಯ ಮಾಡಿ ಬದುಕಲೆಂದು ಬಯಸಿದರು. 1882ರಲ್ಲಿ ಚಾಮರಾಜ ಒಡೆಯರ್ ಅದಕ್ಕೆ 3,900 ಎಕರೆ ಕೊಟ್ಟರು. ನಡುವೆ ದುಂಡನೆಯ ಮೈದಾನ, ಸುತ್ತ ಹೆಂಚಿನ ಬಂಗಲೆಗಳು, ಪಕ್ಕದಲ್ಲಿ 1880ರ ದಶಕದ ಮೆಮೋರಿಯಲ್ ಚರ್ಚ್. ಬೇಸಾಯ ಕೈಹಿಡಿಯಲಿಲ್ಲ; ಇದು ಕಡೆಗೆ ನಿವೃತ್ತರ ತಣ್ಣನೆಯ ಊರಾಯಿತು. ಹ್ಯಾಮಿಲ್ಟನ್ ಎಂಬವರ ವೇವರ್ಲಿ ಇನ್‌ಗೆ, 1890ರ ದಶಕದಲ್ಲಿ ಬೆಂಗಳೂರು ದಂಡಿನಲ್ಲಿದ್ದ ಚರ್ಚಿಲ್ ಬರುತ್ತಿದ್ದನಂತೆ, ಹ್ಯಾಮಿಲ್ಟನ್ ಮಗಳ ಮೇಲೆ ಮನಸ್ಸಾಗಿತ್ತಂತೆ ಎಂದು ಇಲ್ಲಿನ ಗೈಡುಗಳೆಲ್ಲ ಹೇಳುತ್ತಾರೆ. ದಾಖಲೆಯಿಲ್ಲದ ಈ ಕಥೆಗೆ ಸಿಗುವ ಕಿವಿಗಳಲ್ಲಿ ಅರ್ಧವಾದರೂ ಕಲ್ಲಿನ ಮೇಲೆ ಬರೆದಿಟ್ಟ ಬುಟ್ಟಣಪತಿಗೆ ಸಿಗಬಾರದೇ? ಹಳೆಯ ಬಂಗಲೆಗಳು ಬೆರಳೆಣಿಕೆಯಷ್ಟೇ ಉಳಿದಿವೆ. ಒಳಗೆ ಜನ ವಾಸವಿದ್ದಾರೆ, ಗೇಟಿನ ಹೊರಗಿನಿಂದಲೇ ನೋಡಿಬನ್ನಿ.

ಕಾರು ಬಾಡಿಗೆಗೆ ಹಿಡಿದರೆ ಡ್ರೈವರಿಗೆ ಮೊದಲೇ ಹೇಳಿಬಿಡಿ, ಹೆದ್ದಾರಿಗಿಂತ ಗಲ್ಲಿಗಳೇ ಹೆಚ್ಚೆಂದು. ಗುಡಿಗಳ ಬಾಗಿಲು ಮಧ್ಯಾಹ್ನ ಹಾಕುವುದರಿಂದ ಬೇಗೂರು, ಕಾಡುಗೋಡಿ ಎರಡನ್ನೂ ಹನ್ನೊಂದೂವರೆಯೊಳಗೆ ಮುಗಿಸಬೇಕು. ಸ್ವಂತ ಗಾಡಿ ಬೇಡವೆನ್ನುವವರು 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೊದಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯನ್ನೂ ನೇರಳೆ ಮಾರ್ಗದಲ್ಲಿ ಕಾಡುಗೋಡಿಯನ್ನೂ ತಲುಪಬಹುದು. ನಡುವಿನ ಅಗರಕ್ಕೆ ಬಸ್ಸೇ ಗತಿ. ಪೀಣ್ಯ, ಜಾಲಹಳ್ಳಿ ಕಡೆಯವರಿಗೆ ಇಷ್ಟು ದೂರದ ಸುತ್ತು ಬೇಡವೆನಿಸಿದರೆ ಹೆಬ್ಬಾಳ ಹತ್ತಿರ. 2018ರಲ್ಲಿ ಚರಂಡಿ ಅಗೆಯುವಾಗ ಅಲ್ಲಿ ಸಿಕ್ಕ, ಗಂಗ ಅರಸ ಶ್ರೀಪುರುಷನ ಕಾಲದ ವೀರಗಲ್ಲು ಬೇಗೂರಿನದಕ್ಕಿಂತಲೂ ಹಿಂದಿನದು, ಸುಮಾರು 750ರದು. ಹೋರಾಡಿ ಸತ್ತ ಕಿತ್ತಯ್ಯನ ಹೆಸರೂ ಅವನ ಆಕೃತಿಯೂ ಅದರ ಮೇಲಿವೆ.