ರಾತ್ರಿಯ ಮಾತ್ರೆ, ಸಂಜೆಯ ಸಾಮಾಯಿಕ: ಬಿಡದ ಆತಂಕಕ್ಕೆ ನಮ್ಮ ಮನೆಗಳಲ್ಲಿ ಏನು ಮಾಡಬಹುದು?



ಕಳೆದ ಚಾತುರ್ಮಾಸದಲ್ಲಿ ಬೆಳ್ತಂಗಡಿ ತಾಲೂಕಿನ ಒಂದು ಮನೆಯಿಂದ ನನಗೆ ಫೋನ್ ಬಂತು. ಆ ಮನೆಯ ಹಿರಿಯ ಶ್ರಾವಿಕೆ ಸೂರ್ಯಾಸ್ತದ ನಂತರ ನೀರೂ ಬೇಡವೆಂದು ನಿಯಮ ತೆಗೆದುಕೊಂಡಿದ್ದರು. ಆತಂಕದ ತೊಂದರೆಗೆ ವೈದ್ಯರು ಕೊಟ್ಟಿದ್ದ ಮಾತ್ರೆಯನ್ನು ಅವರು ಎರಡು ವರ್ಷದಿಂದ ರಾತ್ರಿ ಒಂಬತ್ತು ಗಂಟೆಗೆ ತೆಗೆದುಕೊಳ್ಳುತ್ತಿದ್ದರು. ನಿಯಮ ಬಂದ ದಿನವೇ, ಯಾರಿಗೂ ಹೇಳದೆ, ಮಾತ್ರೆ ನಿಲ್ಲಿಸಿದರು. ನಾಲ್ಕೈದು ದಿನದಲ್ಲಿ ನಿದ್ದೆ ಹೋಯಿತು, ತಲೆ ತಿರುಗಲು ಶುರುವಾಯಿತು, ಕೈ ನಡುಕ ಬಂತು, ಹೊಸ್ತಿಲು ದಾಟಲಿಕ್ಕೂ ಹೆದರಿಕೆ. ಮಗ ನನ್ನನ್ನು ಕೇಳಿದ್ದು ಇಷ್ಟು: "ಮಾವ, ಅಮ್ಮನಿಗೆ ಏನೋ ಆಗಿದೆ. ಬಸದಿಯಲ್ಲಿ ಒಂದು ಶಾಂತಿ ಮಾಡಿಸಬೇಕಾ?"

ಶಾಂತಿ ಆಮೇಲೆ ಮಾಡಿಸುವಾ, ಮೊದಲು ಡಾಕ್ಟರಿಗೆ ಫೋನ್ ಮಾಡು ಎಂದೆ. ಡಾಕ್ಟರು ಬೈಯಲಿಲ್ಲ. ಆ ಮಾತ್ರೆಯನ್ನು ಸಂಜೆ ಊಟದ ಜೊತೆ ಐದೂವರೆಗೆ ತೆಗೆದುಕೊಂಡರೆ ಸಾಕು, ರಾತ್ರಿಯೇ ಆಗಬೇಕೆಂದಿಲ್ಲ ಎಂದರು. ನಿಯಮವೂ ಉಳಿಯಿತು, ಚಿಕಿತ್ಸೆಯೂ ಉಳಿಯಿತು. ಒಂದು ಫೋನ್ ಕರೆಯಲ್ಲಿ ಮುಗಿಯುವ ವಿಷಯಕ್ಕೆ ಆ ತಾಯಿ ಒಂದು ವಾರ ನರಳಿದರು. ಇಂಥದ್ದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಮನೆಗಳಲ್ಲಿ ಇದೇ ಮೊದಲಲ್ಲ. ಅದಕ್ಕೇ ಈ ಲೇಖನ.

ನಾನು ವೈದ್ಯನಲ್ಲ, ಅಡಿಕೆ ವ್ಯಾಪಾರಿ. ಆದರೆ ಈ ಕಾಯಿಲೆಯನ್ನು ಹೊರಗಿನಿಂದ ನೋಡಿದವನೂ ಅಲ್ಲ. ಸುಮಾರು ಹನ್ನೆರಡು ವರ್ಷದ ಹಿಂದೆ ಧಾರಣೆ ಏರಿಳಿತದಲ್ಲಿ ಗೋದಾಮಿನಲ್ಲಿ ಮಾಲು ಸಿಕ್ಕಿಕೊಂಡ ಮಳೆಗಾಲದಲ್ಲಿ ನನಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಧಾರಣೆ ಸುಧಾರಿಸಿತು, ಮಾಲು ಖಾಲಿಯಾಯಿತು, ಎದೆ ಮಾತ್ರ ಸುಮ್ಮನಾಗಲಿಲ್ಲ. ಮೂರು ಸಲ ರಾತ್ರಿ ಹೊತ್ತು ಮಂಗಳೂರಿಗೆ ಓಡಿದೆವು. ಮೂರು ಸಲವೂ ಇಸಿಜಿ ಸರಿಯಾಗಿತ್ತು. "ನಿಮಗೆ ಏನೂ ಇಲ್ಲ" ಎಂದು ಕಳಿಸಿದರು. ಏನೂ ಇಲ್ಲದಿದ್ದರೆ ಮೂರು ಗಂಟೆ ರಾತ್ರಿಗೆ ಬೆವರುವುದು ಯಾಕೆ ಎಂದು ಯಾರೂ ಹೇಳಲಿಲ್ಲ.

ನಮ್ಮೂರಲ್ಲಿ ಇದಕ್ಕೆ ಒಂದೇ ಮಾತು, ಮಂಡೆಬೆಚ್ಚ. ಕಂಡವರೆಲ್ಲ "ಮಂಡೆಬೆಚ್ಚ ಮಲ್ಪೊಡ್ಚಿ" ಅನ್ನುತ್ತಾರೆ. ಮಗಳ ಮದುವೆಯ ಚಿಂತೆ, ತೋಟಕ್ಕೆ ಕೊಳೆರೋಗ ಬಂದ ಚಿಂತೆ, ಇವೆಲ್ಲ ಮಂಡೆಬೆಚ್ಚವೇ. ಕಾರಣ ಹೋದರೆ ಅದೂ ಹೋಗುತ್ತದೆ. ವೈದ್ಯರು ಕಾಯಿಲೆ ಎನ್ನುವುದು ಬೇರೆಯದನ್ನು: ಆರು ತಿಂಗಳಿಗೂ ಮೇಲ್ಪಟ್ಟು ಹೆಚ್ಚಿನ ದಿನಗಳಲ್ಲಿ ಹತೋಟಿಗೆ ಸಿಗದ ಚಿಂತೆ, ಅದರ ಜೊತೆಗೆ ನಿದ್ದೆಗೇಡು, ಸ್ನಾಯು ಬಿಗಿತ, ಸಿಡುಕು, ದಣಿವು. ಶರೀರದ ಅಪಾಯದ ಗಂಟೆ ಕಳ್ಳ ಬರದಿದ್ದರೂ ಬಾರಿಸುತ್ತಲೇ ಇರುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ತೊಂದರೆ ಇರುವವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ನಮ್ಮ ಸಮಾಜದಲ್ಲಿ ಚಿಕಿತ್ಸೆಗೆ ಹೋಗದಿರಲು ಇನ್ನೊಂದು ಕಾರಣವೂ ಇದೆ, ಅದನ್ನು ಬಿಚ್ಚಿ ಹೇಳಬೇಕು. ಸಮ್ಯಗ್ದೃಷ್ಟಿಗೆ ಸಪ್ತಭಯಗಳಿಲ್ಲ ಎಂದು ಪ್ರವಚನದಲ್ಲಿ ಕೇಳಿರುತ್ತೇವೆ. ಇಹಲೋಕ, ಪರಲೋಕ, ಮರಣ, ವೇದನೆ, ಅರಕ್ಷೆ, ಅಗುಪ್ತಿ, ಆಕಸ್ಮಿಕ ಎಂಬ ಏಳು ಭಯಗಳು. ಅದನ್ನು ಅರ್ಧ ಕೇಳಿದವರು ಮನೆಯಲ್ಲಿ ಹೆದರಿ ಕುಳಿತ ಸೊಸೆಗೆ, "ನಿನಗೆ ಶ್ರದ್ಧೆ ಸಾಲದು" ಎನ್ನುತ್ತಾರೆ. ನನಗೂ ಹೇಳಿದ್ದಾರೆ. ನಾನು ನಂಬಿ, ಒಂದು ಜಪಮಾಲೆಯ ಜಾಗದಲ್ಲಿ ಐದು ಮಾಡಿ, ಆತಂಕ ಇಳಿಯದಾಗ ನನ್ನ ಮೇಲೆಯೇ ಸಿಟ್ಟಾಗಿ, ಇನ್ನೂ ಕೆಟ್ಟೆ. ಶಾಸ್ತ್ರವನ್ನು ಪೂರ್ತಿ ನೋಡಿದರೆ ವಿಷಯ ಹಾಗಿಲ್ಲ. ಭಯ ಎಂಬುದು ಚಾರಿತ್ರ ಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಒಂದು. ಅದರ ಉದಯ ಎಂಟನೆಯ ಗುಣಸ್ಥಾನದವರೆಗೂ ಇರುತ್ತದೆ. ವ್ರತ ಹಿಡಿದ ಶ್ರಾವಕ ಇರುವುದು ಐದನೆಯದರಲ್ಲಿ. ಅಂದ ಮೇಲೆ ಅಂಗಡಿ ನಡೆಸುವ, ಮಕ್ಕಳನ್ನು ಓದಿಸುವ ನಮಗೆ ಹೆದರಿಕೆ ಬಂದರೆ ಅದು ಶ್ರದ್ಧೆಯ ಕೊರತೆ ಎನ್ನಲು ಆಧಾರವೆಲ್ಲಿ? ಶ್ರದ್ಧೆ ಬೇರೆ, ಶರೀರದ ಗಂಟೆ ಬೇರೆ.

ನಮ್ಮ ಆಚಾರ್ಯರು ಇದನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಎಂಬುದಕ್ಕೆ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಆರ್ತಧ್ಯಾನ ಸಾಕು. ಬೇಡದ್ದು ಬಂದು ಅಂಟಿಕೊಂಡಾಗ ಅದು ಯಾವಾಗ ಹೋಗುತ್ತದೆಂದು ಅದನ್ನೇ ನೆನೆಯುವುದು, ಬೇಕಾದದ್ದು ಕೈ ತಪ್ಪಿದಾಗ ಅದನ್ನೇ ನೆನೆಯುವುದು, ನೋವನ್ನೇ ನೆನೆಯುವುದು, ಮುಂದೆ ಇಂಥದ್ದೇ ಸಿಗಬೇಕೆಂದು ಹಂಬಲಿಸುವುದು, ಹೀಗೆ ನಾಲ್ಕು ಬಗೆ. ಗಮನಿಸಿ, ಇದನ್ನೂ ಅವರು ಧ್ಯಾನ ಎಂದೇ ಕರೆದರು. ಆತಂಕದವನಿಗೆ ಏಕಾಗ್ರತೆ ಇಲ್ಲ ಎನ್ನುವುದು ತಪ್ಪು. ಇದೆ, ತಪ್ಪು ಜಾಗದಲ್ಲಿ ಇದೆ. ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಕೂರಿಸುವುದು ಅಭ್ಯಾಸದ ಕೆಲಸ, ಬೈಗುಳದ ಕೆಲಸವಲ್ಲ.

ಅಭ್ಯಾಸದಲ್ಲಿ ನನಗೆ ಮೊದಲು ಕೆಲಸ ಮಾಡಿದ್ದು ಕಾಯೋತ್ಸರ್ಗ. ಒಂಬತ್ತು ಸಲ ಣಮೋಕಾರ, ಇಪ್ಪತ್ತೇಳು ಉಸಿರು. ಮೊದಲೆರಡು ಪದಗಳಿಗೆ ಒಂದು ಉಸಿರು: ಒಂದು ಪದಕ್ಕೆ ಒಳಗೆ, ಇನ್ನೊಂದಕ್ಕೆ ಹೊರಗೆ. ಮುಂದಿನ ಎರಡಕ್ಕೆ ಇನ್ನೊಂದು. ಕೊನೆಯ ಪದವನ್ನು ಎರಡಾಗಿ ಒಡೆದು ಮೂರನೆಯ ಉಸಿರು. ನಾವು ಬಹಳ ಜನ ಇದನ್ನು ಒಂದು ನಿಮಿಷದಲ್ಲಿ ಮುಗಿಸಿ ಚಪ್ಪಲಿ ಹುಡುಕಲು ಹೋಗುತ್ತೇವೆ. ಅವಸರವಿಲ್ಲದೆ, ಹೊರಗೆ ಬಿಡುವ ಉಸಿರನ್ನು ಸ್ವಲ್ಪ ಉದ್ದ ಮಾಡಿ ಹೇಳಿದರೆ ನಿಮಿಷಕ್ಕೆ ಆರೇಳು ಉಸಿರಿನ ಲೆಕ್ಕದಲ್ಲಿ ನಾಲ್ಕು ನಿಮಿಷ ಹಿಡಿಯುತ್ತದೆ. ಇಷ್ಟು ನಿಧಾನದ ಉಸಿರು ಹೃದಯದ ಬಡಿತವನ್ನು ತಗ್ಗಿಸುವ ನರವನ್ನು ಎಚ್ಚರಿಸುತ್ತದೆ ಎನ್ನುತ್ತಾರೆ ವೈದ್ಯರು. ಎದೆ ಹೊಡೆದುಕೊಳ್ಳಲು ಶುರುವಾದ ಮೇಲೆ ಕಲಿಯಲು ಹೋಗಬೇಡಿ, ಆಗ ಆಗುವುದಿಲ್ಲ. ಸಮಾಧಾನ ಇರುವಾಗ ದಿನಕ್ಕೆ ಎರಡು ಮೂರು ಸಲ ಮಾಡಿ ರೂಢಿ ಮಾಡಿಕೊಂಡಿದ್ದರೆ ಆ ಹೊತ್ತಿಗೆ ಒದಗುತ್ತದೆ. ನಾನು ಅಂಗಡಿಯ ಗಲ್ಲಾದಲ್ಲಿ ಕುಳಿತೇ ಮಾಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಸಾಮಾಯಿಕದ ಅವಧಿ ಒಂದು ಮುಹೂರ್ತ, ಅಂದರೆ ಎರಡು ಘಳಿಗೆ, 48 ನಿಮಿಷ. 2022ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಲ್ಲಿ ಆತಂಕದ ಕಾಯಿಲೆ ಇರುವ 276 ಮಂದಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಎಸಿಟಲೊಪ್ರಾಮ್ ಎಂಬ ಮಾತ್ರೆ. ಇನ್ನೊಂದಕ್ಕೆ ಎಂಟು ವಾರದ ಧ್ಯಾನ ತರಬೇತಿ, ಮನೆಯಲ್ಲಿ ದಿನಕ್ಕೆ 45 ನಿಮಿಷ ಅಭ್ಯಾಸ. ಎಂಟು ವಾರದ ಕೊನೆಗೆ ಎರಡೂ ಕಡೆ ಆತಂಕ ಹೆಚ್ಚುಕಮ್ಮಿ ಸಮನಾಗಿ ಇಳಿದಿತ್ತು. ಅವರ 45, ನಮ್ಮ 48! ಇದನ್ನು ಓದಿ ಕೂಡಲೇ ಮಾತ್ರೆ ಬಿಸಾಡುವವರಿದ್ದಾರೆ, ದಯವಿಟ್ಟು ಬೇಡ. ಅವರು ಮಾಡಿದ್ದು ತರಬೇತಾದ ಗುರುಗಳ ಕೈಕೆಳಗೆ, ದಿನ ತಪ್ಪದೆ. ನಮ್ಮ ಸಾಮಾಯಿಕ ಅದೇ ಪದ್ಧತಿಯೂ ಅಲ್ಲ. ಮಾತ್ರೆಯಲ್ಲಿದ್ದವರು ಮಾತ್ರೆಯ ಜೊತೆಗೆ ಸಾಮಾಯಿಕ ಮಾಡಲಿ. ಕೆಲವು ತಿಂಗಳು ಚೆನ್ನಾಗಿದ್ದರೆ ಕಡಿಮೆ ಮಾಡುವ ಲೆಕ್ಕವನ್ನು ವೈದ್ಯರೇ ಹೇಳುತ್ತಾರೆ. 48 ನಿಮಿಷ ಕೂರಲಾರದವರು ಹತ್ತರಿಂದ ಶುರು ಮಾಡಿದರೂ ನಷ್ಟವಿಲ್ಲ.

ಊಟದ ವಿಷಯ. ರಾತ್ರಿಭೋಜನ ತ್ಯಾಗ ಹೊಟ್ಟೆಗೂ ನಿದ್ದೆಗೂ ಒಳ್ಳೆಯದು. ತುಂಬಿದ ಹೊಟ್ಟೆಯಲ್ಲಿ ಮಲಗಿ ಎದೆಯುರಿಯಿಂದ ಎದ್ದು ಅದನ್ನೇ ಹೃದಯಾಘಾತ ಎಂದು ಹೆದರುವವರು ಬಹಳ. ಆದರೆ ಪೇಟೆಯಲ್ಲಿ ಅಂಗಡಿ ಮುಚ್ಚುವುದು ಎಂಟಕ್ಕೆ, ಊಟ ಹತ್ತಕ್ಕೆ, ಆಮೇಲೆ ಹನ್ನೆರಡರವರೆಗೆ ಮೊಬೈಲ್. ಮಳೆಗಾಲದಲ್ಲಿ ನೇತ್ರಾವತಿ ಎಷ್ಟು ಏರಿತೆಂದು ಎಲ್ಲ ಗುಂಪುಗಳಲ್ಲಿ ನೋಡುವುದು ಬೇರೆ. 1974ರ ನೆರೆಯನ್ನು ಹುಡುಗನಾಗಿ ಕಂಡ ನನ್ನಂಥವನಿಗೆ ಅದನ್ನು ನೋಡಿದ ರಾತ್ರಿ ನಿದ್ದೆ ಬರುವುದೇ ಇಲ್ಲ. ಈಗ ಸಂಜೆ ಏಳರ ನಂತರ ಫೋನ್ ಮಗನ ಕೈಯಲ್ಲಿ. ನದಿ ಏರಿದರೆ ಅವನೇ ಎಬ್ಬಿಸಲಿ.

ನಾಲ್ಕನೆಯ ಸಲ ನಾನು ಕಂಡ ವೈದ್ಯರು ಕೇಳಿದ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಚಹಾ? ಏಳು. ಎರಡನೆಯ ಪ್ರಶ್ನೆ, ಬಾಯಲ್ಲಿ ಏನು? ಅಡಿಕೆ. ಮಾಲು ನೋಡುವ ನೆಪದಲ್ಲಿ ಬೆಳಗಿನಿಂದ ಸಂಜೆವರೆಗೆ ಒಂದೊಂದು ಹೋಳು. ಚಹಾ ಕಾಫಿಯ ಕೆಫೀನ್ ಎದೆಬಡಿತ ಹೆಚ್ಚಿಸುತ್ತದೆ, ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ನರಗಳನ್ನು ಕೆಣಕುವ ವಸ್ತು. ಅಡಿಕೆಯಿಂದಲೇ ಅನ್ನ ತಿಂದವನು ಇದನ್ನು ಬರೆಯುವುದು ಸುಲಭವಲ್ಲ, ಆದರೆ ಬಿಟ್ಟ ಮೇಲೆ ನನ್ನ ಎದೆಬಡಿತ ಅರ್ಧ ಇಳಿದದ್ದು ನಿಜ. ಚಹಾ ಒಂದೇ ದಿನ ಬಿಟ್ಟರೆ ತಲೆನೋವು ಬರುತ್ತದೆ, ವಾರಕ್ಕೆ ಒಂದೊಂದು ಲೋಟ ಕಡಿಮೆ ಮಾಡಿ. ಸಂಜೆಗೆ ಕೊತ್ತಂಬರಿ-ಜೀರಿಗೆ ಕಷಾಯ ಸಾಕು.

ಅದೇ ವೈದ್ಯರು ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಹೆಚ್ಚಾದರೆ ಆತಂಕದಂತೆಯೇ ಕಾಣುತ್ತದೆ. ರಕ್ತಹೀನತೆಯಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಇನ್ನು ಬಿ12 ಸಸ್ಯಾಹಾರಿಗಳಾದ ನಮ್ಮ ಮನೆಗಳಿಗೆ ಮುಖ್ಯ, ಏಕೆಂದರೆ ಅದು ನಮಗೆ ಸಿಗುವುದು ಹಾಲು ಮೊಸರಿನಿಂದ ಮಾತ್ರ. ಕಡಿಮೆಯಾದರೆ ಕೈಕಾಲು ಜೋಮು, ಮರೆವು, ಮನಸ್ಸಿನ ಕಿರಿಕಿರಿ. ಅಹಿಂಸೆಯ ಆಹಾರ ಬಿಡಬೇಕಾಗಿಲ್ಲ, ಪರೀಕ್ಷೆ ಮಾಡಿಸಿ ಕೊರತೆ ಇದ್ದರೆ ವೈದ್ಯರು ಹೇಳಿದಂತೆ ತುಂಬಿಕೊಂಡರಾಯಿತು.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮೂಡುಬಿದಿರೆಯವರಿಗೆ ಹದಿನೆಂಟು ಬಸದಿಗಳಿವೆ, ಸಾವಿರ ಕಂಬದ ಬಸದಿಯಿಂದ ಹೊರಟು ದಿನಕ್ಕೆ ನಾಲ್ಕೈದರ ದರ್ಶನ ನಡೆದೇ ಮಾಡಿದರೆ ಲೆಕ್ಕ ತಾನಾಗಿ ತುಂಬುತ್ತದೆ.

ಪ್ರಕೃತಿ ಚಿಕಿತ್ಸೆಗೆ ನಾವು ದೂರ ಹೋಗಬೇಕಾಗಿಲ್ಲ. ಧರ್ಮಸ್ಥಳದ ಶಾಂತಿವನ ನಮ್ಮ ತಾಲೂಕಿನಲ್ಲೇ ಇದೆ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಕಾಲೇಜೂ ನಡೆಯುತ್ತಿದೆ. ಮಣ್ಣಿನ ಪಟ್ಟಿ, ಜಲಚಿಕಿತ್ಸೆ, ಮಾಲೀಸು, ಯೋಗ, ಹಿತಮಿತ ಆಹಾರ. ಹತ್ತು ದಿನ ಇದ್ದು ಬಂದವರು ಹಗುರಾಗಿ ಬರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದರ ದೊಡ್ಡ ಲಾಭ ದಿನಚರಿ: ಬೇಗ ಏಳುವುದು, ಬೇಗ ಉಣ್ಣುವುದು, ಫೋನಿನಿಂದ ದೂರ. ಮನೆಗೆ ಬಂದು ಹಳೆಯ ದಿನಚರಿಗೇ ಇಳಿದರೆ ತಿಂಗಳೊಳಗೆ ಎಲ್ಲ ಮೊದಲಿನಂತೆ. ಹೋಗುವಾಗ ನಡೆಯುತ್ತಿರುವ ಔಷಧಗಳ ಚೀಟಿ ಕೊಂಡುಹೋಗಿ ಅಲ್ಲಿಯ ವೈದ್ಯರಿಗೆ ತೋರಿಸಿ.

ಅಶ್ವಗಂಧದ ಬಗ್ಗೆ ಎರಡು ಬಗೆಯ ಪ್ರಶ್ನೆ ಬರುತ್ತದೆ. ಅದು ಬೇರು, ಕಂದಮೂಲವಲ್ಲವೇ ಎಂದು ಕೆಲವರು. ಅದನ್ನು ನಿಮ್ಮ ಗುರುಗಳಲ್ಲಿ ಕೇಳಿ. ನಾನು ಹೇಳುವುದು ಇನ್ನೊಂದು: ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಹೊಂದದಿರಬಹುದು, ಕೆಲವರಿಗೆ ಯಕೃತ್ತಿಗೆ ತೊಂದರೆ ಆದದ್ದೂ ವರದಿಯಾಗಿದೆ. ಗಿಡಮೂಲಿಕೆ ಎಂದು ವೈದ್ಯರಿಗೆ ಹೇಳದೆ ನುಂಗಬೇಡಿ.

ಮತ್ತೆ ವ್ರತಗಳ ವಿಷಯಕ್ಕೆ. ದಶಲಕ್ಷಣ ಪರ್ವದ ಉಪವಾಸವೋ ಚಾತುರ್ಮಾಸದ ನಿಯಮವೋ ತೆಗೆದುಕೊಳ್ಳುವ ಹದಿನೈದು ದಿನ ಮೊದಲೇ ವೈದ್ಯರನ್ನು ಕಾಣಿ. ಹೆಚ್ಚಿನ ಮಾತ್ರೆಗಳ ಹೊತ್ತು ಬದಲಿಸಲು ಬರುತ್ತದೆ. ಸಕ್ಕರೆ ಕಾಯಿಲೆಯವರೂ ಲಿಥಿಯಂ ತೆಗೆದುಕೊಳ್ಳುವವರೂ ವೈದ್ಯರು ಒಪ್ಪದೆ ನೀರು ಬಿಟ್ಟು ಉಪವಾಸ ಮಾಡಲೇಬಾರದು, ಪ್ರಾಣಾಪಾಯವಿದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪ ಎರಡಕ್ಕೂ ಹಿಂದೆ "ಶಕ್ತಿತಃ" ಎಂಬ ಮಾತು ಸೇರಿಸಿದ್ದು ಸುಮ್ಮನೆ ಅಲ್ಲ. ನಿಯಮ ಕೊಡುವ ಪೂಜ್ಯರ ಎದುರು "ನನಗೆ ಔಷಧ ಇದೆ" ಎಂದು ಬಾಯಿ ಬಿಟ್ಟು ಹೇಳಿ. ಹೇಳಿದವರಿಗೆ ಔಷಧದ ವಿನಾಯಿತಿ ಇಟ್ಟೇ ನಿಯಮ ಕೊಟ್ಟದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಹಳೆಯ ಚೀಟಿ ತೋರಿಸಿ ಮೆಡಿಕಲ್‌ನಿಂದ ನಿದ್ದೆ ಮಾತ್ರೆ ತರುವುದು ನಮ್ಮಲ್ಲಿ ಇನ್ನೂ ಇದೆ. ಅಲ್ಪ್ರಾಜೋಲಾಮ್ ಜಾತಿಯವು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿಬಿಡುತ್ತವೆ, ಒಮ್ಮೆಲೇ ಬಿಟ್ಟರೂ ಅಪಾಯ. ಎಸಿಟಲೊಪ್ರಾಮ್ ಜಾತಿಯವು ಆ ಬಗೆಯ ಚಟ ಹಿಡಿಸುವುದಿಲ್ಲ, ಆದರೆ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಒಂದು ವಾರ ನೋಡಿ ಪ್ರಯೋಜನವಿಲ್ಲ ಎನ್ನಬೇಡಿ.

ಮೊದಲ ಬಾರಿ ಎದೆನೋವು ಬಂದರೆ ಆತಂಕ ಎಂದು ಮನೆಯಲ್ಲಿ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ. ಬದುಕು ಬೇಡ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಬ್ಬರೇ ಬಿಡಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ ಆ ದಿನ ಹೋದರೆ ಮಂಗಳೂರಿನ ಓಡಾಟ ತಪ್ಪುತ್ತದೆ. ಒಬ್ಬರೇ ಹೋಗಲು ಸಂಕೋಚವಾದರೆ ನಿಮ್ಮೂರ ಬಸದಿಯ ಸ್ವಯಂಸೇವಕರಲ್ಲಿ ಒಬ್ಬರಿಗೆ ಹೇಳಿ, ಜೊತೆಗೆ ಬರುತ್ತಾರೆ. ನಾನು ಈ ವರ್ಷ ಇಬ್ಬರ ಜೊತೆ ಹೋಗಿ ಬಂದೆ. ಹೊರಗಿನ ಬೆಂಚಿನಲ್ಲಿ ಪರಿಚಯದ ಮೂರು ನಾಲ್ಕು ಮುಖಗಳು ಆಗಲೇ ಕುಳಿತಿದ್ದವು.