ಈಚಲು ಮರ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಮ್ಮ ನಾಡಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿವೆ. ವರವು ಕಾವಲ್ ಮೊದಲಾದ ಇಲ್ಲಿನ ವಿಶಾಲ ಹುಲ್ಲುಗಾವಲುಗಳನ್ನು ಹಿಂದೆ ಮೈಸೂರು ಸಂಸ್ಥಾನವು ತನ್ನ ಅಮೃತಮಹಲ್ ದನಗಳಿಗೆಂದು ಕಾಯ್ದಿರಿಸಿತ್ತು. ಬೇಸಗೆಯಲ್ಲಿ ಹುಲ್ಲು ಒಣಗಿ ನೆಲವೆಲ್ಲ ಕಂದುಬಣ್ಣಕ್ಕೆ ತಿರುಗಿದಾಗಲೂ ಈ ಸೀಮೆಯ ಹಳ್ಳಗಳ ದಂಡೆಯಲ್ಲಿ, ಕೆರೆಗಳ ಹಿಂದಿನ ಜೌಗಿನಲ್ಲಿ ಬೂದುಹಸಿರು ಗರಿಗಳ ಒಂದು ಮರ ನಿಂತಿರುತ್ತದೆ. ಅದನ್ನು ನೆಟ್ಟವರಿಲ್ಲ, ನೀರೆರೆದವರಿಲ್ಲ. ಅದೇ ಈಚಲು.

ಈಚಲು ಖರ್ಜೂರದ ಹತ್ತಿರದ ಬಂಧು. ಉದುರಿದ ಗರಿಗಳ ಬುಡಗಳು ಕಾಂಡದ ಮೇಲೆ ಉಳಿದು ಮರಕ್ಕೆ ಒರಟು ಮೈಯನ್ನು ಕೊಡುತ್ತವೆ. ಗರಿಯ ಬುಡದ ಎಲೆಗಳು ಗಟ್ಟಿಮುಳ್ಳುಗಳಾಗಿ ಮಾರ್ಪಟ್ಟಿರುವುದರಿಂದ ದನಕರುಗಳು ಸುಲಭವಾಗಿ ಬಾಯಿಹಾಕಲಾರವು. ಗಂಡುಹೂವು ಒಂದು ಮರದಲ್ಲಿ, ಹೆಣ್ಣುಹೂವು ಇನ್ನೊಂದರಲ್ಲಿ. ಹಣ್ಣಿನಲ್ಲಿ ತಿರುಳು ಕಡಿಮೆ, ಬೀಜವೇ ಹೆಚ್ಚು. ಆದರೂ ಹಳ್ಳಿಯ ಮಕ್ಕಳು ಅದನ್ನು ಬಿಟ್ಟವರಲ್ಲ. ಗರಿಯಿಂದ ಚಾಪೆ, ಬುಟ್ಟಿ, ಪೊರಕೆಗಳನ್ನು ಮಾಡಿ ಎಷ್ಟೋ ಬಡ ಕುಟುಂಬಗಳು ಹೊಟ್ಟೆ ಹೊರೆದಿವೆ.

ಆದರೆ ಈ ಮರಕ್ಕೆ ಹೆಸರನ್ನೂ ಕೆಟ್ಟ ಹೆಸರನ್ನೂ ತಂದದ್ದು ಅದರ ರಸ. ಸುಳಿಯ ಕೆಳಗೆ ಕಾಂಡವನ್ನು ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ರಸ ಜಿನುಗುತ್ತದೆ. ಮುಂಜಾನೆ ಇಳಿಸಿದಾಗ ಅದು ಸಿಹಿಯಾದ ನೀರಾ. ಬಿಸಿಲೇರಿದಂತೆ ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ಕೆಲವೇ ಗಂಟೆಗಳಲ್ಲಿ ನೀರಾ ಹೆಂಡವಾಗುತ್ತದೆ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಈ ಹುಳಿಯುವಿಕೆ ನಿಧಾನವಾಗುತ್ತದೆ. ಬಂಗಾಳದಲ್ಲಿ ಚಳಿಗಾಲದ ಇದೇ ರಸವನ್ನು ಕಾಯಿಸಿ ಪರಿಮಳದ ಬೆಲ್ಲ ಮಾಡುತ್ತಾರೆ. ಅಲ್ಲಿ ಹಬ್ಬದ ಸಿಹಿಗೆ ಒದಗಿದ ಮರ ಇಲ್ಲಿ ಹೆಂಡದಂಗಡಿಗೆ ಒದಗಿತು.

ಈ ಸೀಮೆಯ ಮ್ಯಾಸಬೇಡರು ಈಚಲನ್ನು ಕಂಡ ಬಗೆಯೇ ಬೇರೆ. ದೇವರ ಎತ್ತುಗಳನ್ನು ಭಕ್ತಿಯಿಂದ ಸಾಕಿಕೊಂಡು ಬಂದ ಈ ಪಶುಪಾಲಕರ ಕಟ್ಟುಪಾಡಿನಲ್ಲಿ ಹೆಂಡ ನಿಷಿದ್ಧ, ಕೋಳಿಯೂ ನಿಷಿದ್ಧ. ಕುಡಿಯುವುದಿರಲಿ, ಈಚಲು ಮರವನ್ನು ಮುಟ್ಟುವುದೂ ಸಲ್ಲದು. ಮರಗಳು ಧಾರಾಳವಾಗಿ ಬೆಳೆಯುವ ನೆಲದಲ್ಲಿಯೇ ಇಂತಹ ನೇಮವನ್ನು ತಲೆಮಾರುಗಳ ಕಾಲ ಪಾಲಿಸುವುದು ಸಣ್ಣ ಮಾತಲ್ಲ.

ಹೆಂಡದ ಗುತ್ತಿಗೆಯಿಂದ ಸರ್ಕಾರದ ಬೊಕ್ಕಸಕ್ಕೆ ಹಣ ಬರುತ್ತಿತ್ತು. ಕುಡಿತದಿಂದ ಬಡವರ ಮನೆಗಳು ಹಾಳಾಗುತ್ತಿದ್ದುವು. ಪಾನನಿರೋಧವು ಗಾಂಧೀಜಿಯವರ ಕಾರ್ಯಕ್ರಮಗಳಲ್ಲಿ ಮುಖ್ಯವಾದುದಷ್ಟೆ. 1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಈಚಲು ವನಕ್ಕೆ ನುಗ್ಗಿದರು. ಮರ ಕಡಿಯುವುದು ಕಾನೂನಿನ ಉಲ್ಲಂಘನೆಯೆಂಬುದು ಅವರಿಗೆ ತಿಳಿದೇ ಇತ್ತು. ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಈ ಹೋರಾಟದಲ್ಲಿ ಸೆರೆಮನೆ ಕಂಡರು. ಬಳ್ಳಾರಿ ಸಿದ್ದಮ್ಮನವರೂ ಸೆರೆವಾಸ ಅನುಭವಿಸಿದರು. ಹೆಂಗಸರು ಮನೆಯ ಹೊಸಿಲು ದಾಟುವುದೇ ಅಪರೂಪವಾಗಿದ್ದ ಕಾಲದಲ್ಲಿ ಇದು ಎಂತಹ ಧೈರ್ಯ!

ಕೊಡಲಿಯ ಏಟು ಬಿದ್ದದ್ದು ಮರಕ್ಕೆ; ಅದರ ಗುರಿಯಿದ್ದದ್ದು ಸರ್ಕಾರದ ಆದಾಯದ ಮೇಲೆ. ತಪ್ಪು ಈಚಲಿನದಲ್ಲವೆಂಬುದನ್ನು ಹೇಳಲೇಬೇಕು. ಅದರ ಗರಿಯನ್ನೇ ನಂಬಿದ್ದ ಚಾಪೆ ಹೆಣೆಯುವವರಿಗೆ ಉರುಳಿದ ಪ್ರತಿಯೊಂದು ಮರವೂ ನಷ್ಟವೇ ಸರಿ.

ಈಚಲಿಗೆ ಬೆಳೆಯುವ ಸುಳಿ ಒಂದೇ. ಅದನ್ನು ಕಡಿದರೆ ಬೇವು, ಹುಣಿಸೆಗಳಂತೆ ಮೋಟು ಮತ್ತೆ ಚಿಗುರದು. ಆದರೆ ಹಣ್ಣು ತಿಂದ ಹಕ್ಕಿಗಳೂ ನರಿಗಳೂ ಬೀಜವನ್ನು ದೂರ ಒಯ್ದು ಕೆಡವುತ್ತವೆ. ಮಳೆ ಬಂದು ಹಳ್ಳ ಹರಿದಾಗ ಅವುಗಳಲ್ಲಿ ಕೆಲವು ಮರಳಿನಂಚಿಗೆ ಸೇರಿ, ಹುಲ್ಲಿನ ಎಸಳಿನಂತಹ ಒಂದೇ ಒಂದು ಎಲೆಯನ್ನು ಮೇಲಕ್ಕೆ ಚಾಚುತ್ತವೆ.