ಸತ್ತ ನಾಯಿ ಬಾಲ ಅಲ್ಲಾಡಿಸಿದಾಗ...

ಗುಳೇದಗುಡ್ಡದ ಓಣಿಯೊಂದರಲ್ಲಿ ನೇಕಾರರ ಮನೆ ಎಂದು ಊಹಿಸಿಕೊಳ್ಳಿ. ಮಗ್ಗದ ಸದ್ದು ನಿಂತಿದೆ, ರಾತ್ರಿಯ ಊಟ ಮುಗಿದಿದೆ. ಮನೆಮಂದಿಯೆಲ್ಲ ಟಿ.ವಿ. ಮುಂದೆ ಕುಳಿತಿದ್ದಾರೆ. ಪರದೆಯ ಮೇಲೆ ಬಣ್ಣವೇ ಇಲ್ಲದ ಒಂದು ಗೊಂಬೆಯ ಚಿತ್ರ. ಮೈತುಂಬ ಹೊಲಿಗೆ ಹಾಕಿದ, ಕುತ್ತಿಗೆಯ ಎರಡೂ ಬದಿಗೆ ಬೋಲ್ಟು ಬಿಗಿದ ಸತ್ತ ನಾಯಿಯೊಂದು ಸಿಡಿಲಿನ ಹೊಡೆತಕ್ಕೆ ಕಣ್ಣು ತೆರೆದು ಬಾಲ ಅಲ್ಲಾಡಿಸುತ್ತದೆ!

ಐದನೆಯ ತರಗತಿಯ ಹುಡುಗಿ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಾಳೆ. ಹೈಸ್ಕೂಲಿನ ಅಣ್ಣ ಬಿದ್ದು ಬಿದ್ದು ನಗುತ್ತಾನೆ. "ಹೊತ್ತು ಮುಳುಗಿದ ಮ್ಯಾಲೆ ಇಂಥಾವೆಲ್ಲಾ ನೋಡಬಾರದವಾ" ಎಂದು ಆಯಿ ಗೊಣಗುತ್ತಾಳೆ. ಎಲ್ಲರಿಗಿಂತ ಚಿಕ್ಕವನು ಮಾತ್ರ ನಗುವುದೂ ಇಲ್ಲ, ಅಳುವುದೂ ಇಲ್ಲ. ಹೋದ ವರ್ಷ ಲಾರಿಗೆ ಸಿಕ್ಕು ಸತ್ತ ಮನೆಯ ನಾಯಿ ಅವನಿಗೆ ನೆನಪಾಗಿದೆ. "ಅಪ್ಪಾ, ನಮ್ಮ ರಾಜಾನೂ ಹಿಂಗ ಎಬ್ಬಸಾಕ ಬರತೈತೇನಪಾ?"

ಚಿತ್ರ ಒಂದೇ, ಮನೆಯೂ ಒಂದೇ, ಆದರೆ ಪ್ರತಿಕ್ರಿಯೆ ನಾಲ್ಕು. ಅವುಗಳಲ್ಲಿ ದೊಡ್ಡವರು ಉತ್ತರ ಕೊಡಲೇಬೇಕಾದದ್ದು ಯಾವುದು? ಹೆದರಿದ ಮಗಳಿಗೋ, ಪ್ರಶ್ನೆ ಕೇಳಿದ ಮಗನಿಗೋ?

ಒಂದೇ ಕಥೆ, ಎರಡು ಸಲ

ಈ ಚಿತ್ರದ ಹೆಸರು 'ಫ್ರಾಂಕೆನ್‌ವೀನಿ'. ಅಮೆರಿಕದ ಡಿಸ್ನಿ ಸಂಸ್ಥೆಗಾಗಿ ಟಿಮ್ ಬರ್ಟನ್ ನಿರ್ದೇಶಿಸಿದ ಇದು 2012ರ ಅಕ್ಟೋಬರಿನಲ್ಲಿ ತೆರೆ ಕಂಡಿತು. ಅವಧಿ 87 ನಿಮಿಷ. ವಿಕ್ಟರ್ ಎಂಬ ಒಂಟಿ ಸ್ವಭಾವದ ಹುಡುಗನಿಗೆ ಸ್ಪಾರ್ಕಿ ಎಂಬ ನಾಯಿಯೇ ಗೆಳೆಯ. ಚೆಂಡಿನ ಹಿಂದೆ ಓಡಿದ ಸ್ಪಾರ್ಕಿ ಕಾರಿಗೆ ಸಿಕ್ಕು ಸಾಯುತ್ತದೆ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ ಹಾಯಿಸಿ ಅದು ಸೆಳೆಯುವುದನ್ನು ತೋರಿಸುತ್ತಾರೆ. ಹುಡುಗ ಆ ರಾತ್ರಿಯೇ ನಾಯಿಯನ್ನು ಮಣ್ಣಿನಿಂದ ತೆಗೆದು, ಮನೆಯ ಅಟ್ಟದಲ್ಲಿ ಸಿಡಿಲಿನ ಶಕ್ತಿಯಿಂದ ಬದುಕಿಸಿಬಿಡುತ್ತಾನೆ. ಗುಟ್ಟು ತಿಳಿದ ಸಹಪಾಠಿಗಳೂ ತಮ್ಮ ಸತ್ತ ಪ್ರಾಣಿಗಳ ಮೇಲೆ ಅದೇ ಪ್ರಯೋಗ ಮಾಡಿದಾಗ ಆಮೆ ರಾಕ್ಷಸಾಕಾರ ತಾಳಿ ಊರನ್ನೇ ತುಳಿಯುತ್ತದೆ.

ಬರ್ಟನ್ ಇದೇ ಕಥೆಯನ್ನು 1984ರಲ್ಲಿಯೇ ನಿಜವಾದ ನಟರನ್ನೂ ನಿಜವಾದ ನಾಯಿಯನ್ನೂ ಬಳಸಿ ಸುಮಾರು ಅರ್ಧ ಗಂಟೆಯ ಕಿರುಚಿತ್ರವಾಗಿ ತೆಗೆದಿದ್ದರು. ಅದೂ ಕಪ್ಪು ಬಿಳುಪು. ಮರುಬಿಡುಗಡೆಯಾಗಲಿದ್ದ 'ಪಿನೋಕಿಯೊ' ಜೊತೆ ಅದನ್ನು ತೋರಿಸುವ ಯೋಜನೆಯಿತ್ತು. ಆದರೆ ಪುಟ್ಟ ಮಕ್ಕಳಿಗೆ ಇದು ತೀರ ಭಯಂಕರ ಎಂಬ ಅಭಿಪ್ರಾಯ ಬಂದು, ಪಾಲಕರ ಮಾರ್ಗದರ್ಶನ ಬೇಕು ಎಂಬ ಪ್ರಮಾಣಪತ್ರ ಸಿಕ್ಕಿತು. ಸಂಸ್ಥೆ ಚಿತ್ರವನ್ನು ಮೂಲೆಗೆ ಸರಿಸಿತು. ಬರ್ಟನ್ ಅಲ್ಲಿಂದ ಹೊರಬಿದ್ದರು. ಇಪ್ಪತ್ತೆಂಟು ವರ್ಷಗಳ ನಂತರ ಅದೇ ಸಂಸ್ಥೆ ಅದೇ ನಿರ್ದೇಶಕರ ಕೈಗೆ ಸುಮಾರು 39 ದಶಲಕ್ಷ ಡಾಲರು ಕೊಟ್ಟು ಅದೇ ಕಥೆಯನ್ನು ಗೊಂಬೆಗಳಲ್ಲಿ ಮಾಡಿಸಿತು! ಬದಲಾದದ್ದು ಮಕ್ಕಳೋ ದೊಡ್ಡವರೋ ಎಂದು ಪಾಲಕರು ಕೇಳಿಕೊಳ್ಳಬಹುದು.

ನೂಲಿಗೆ ನೂಲು, ಚಿತ್ರಕ್ಕೆ ಚಿತ್ರ

ಈ ಗೊಂಬೆಗಳನ್ನು ದಾರದಿಂದಾಗಲಿ ಕೋಲಿನಿಂದಾಗಲಿ ಆಡಿಸಿಲ್ಲ. ಪ್ರತಿಯೊಂದು ಗೊಂಬೆಯೊಳಗೆ ಕೀಲುಗಳುಳ್ಳ ಲೋಹದ ಅಸ್ಥಿಪಂಜರ ಇರುತ್ತದೆ. ಕಲಾವಿದ ಗೊಂಬೆಯ ಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ ತೆಗೆಯುತ್ತಾನೆ. ಮತ್ತಷ್ಟು ಸರಿಸಿ ಇನ್ನೊಂದು. ಸೆಕೆಂಡಿಗೆ 24 ಚಿತ್ರಗಳಂತೆ ಲೆಕ್ಕ ಹಾಕಿದರೆ 87 ನಿಮಿಷಕ್ಕೆ 1,25,280 ಚೌಕಟ್ಟುಗಳಾಗುತ್ತವೆ. ಒಬ್ಬ ಕಲಾವಿದ ವಾರವಿಡೀ ದುಡಿದರೂ ಕೈಗೆ ಸಿಗುವುದು ಕೆಲವೇ ಸೆಕೆಂಡುಗಳ ಚಿತ್ರ.

ಖಣ ನೇಯುವ ಊರಿನ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಲಾಳಿ ಒಂದು ಸಲ ಹಾಯ್ದರೆ ಹಾಸಿನ ಎಳೆಗಳ ನಡುವೆ ಹೊಕ್ಕಿನ ಒಂದು ಎಳೆ ಕೂಡುತ್ತದೆ. ಆ ಒಂದೇ ಎಳೆಯಲ್ಲಿ ಚಿತ್ತಾರ ಕಾಣದು. ನೂರಾರು ಸಲ ಹಾಯ್ದ ಮೇಲೆ ಬುಟ್ಟಾ ಮೂಡುತ್ತದೆ. ಗೊಂಬೆಯ ನಡಿಗೆಯೂ ಹಾಗೆಯೇ ಒಂದೊಂದೇ ಎಳೆಯಿಂದ ನೇಯ್ದದ್ದು.

ಬಿಡಿ ಚಿತ್ರಗಳು ಚಲಿಸಿದಂತೆ ಕಾಣುವುದೇಕೆ? ದೃಶ್ಯವು ಕಣ್ಣಿನ ಪರದೆಯ ಮೇಲೆ ಕ್ಷಣಕಾಲ ಉಳಿಯುವುದರಿಂದ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಆ ವಿವರಣೆ ಸಾಲದು. ಒಂದರ ಹಿಂದೊಂದು ಬೇಗ ಬರುವ, ಸ್ವಲ್ಪವೇ ಭಿನ್ನವಾದ ಚಿತ್ರಗಳ ನಡುವಿನ ಚಲನೆಯನ್ನು ಮಿದುಳೇ ಕಟ್ಟಿಕೊಳ್ಳುತ್ತದೆ. ಈ ಬಗ್ಗೆ ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ 1912ರಲ್ಲಿ ಬರೆದ ಪ್ರಬಂಧ ಪ್ರಸಿದ್ಧ. ಹಳೆಯ ನೋಟುಬುಕ್ಕಿನ ಇಪ್ಪತ್ತು ಹಾಳೆಗಳ ಅಂಚಿನಲ್ಲಿ ಚೆಂಡೊಂದನ್ನು ಸ್ವಲ್ಪ ಸ್ವಲ್ಪವೇ ಮೇಲೇರಿಸಿ ಬರೆದು, ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಡಿ. ಚೆಂಡು ಪುಟಿಯುತ್ತದೆ! ಚಿತ್ರ ನೋಡಿ ಹೆದರಿದ ಮಗು ಇದನ್ನು ತಾನೇ ಮಾಡಿ ನೋಡಿದರೆ, ಪರದೆಯ ಮೇಲಿನ ಭೂತದ ಅರ್ಧ ಬಲ ಅಲ್ಲಿಯೇ ಕುಗ್ಗುತ್ತದೆ.

ಮೆಚ್ಚಿದವರು, ಮುನಿದವರು

ವಿಮರ್ಶಕರಲ್ಲಿ ಬಹುಪಾಲು ಜನ ಚಿತ್ರವನ್ನು ಮೆಚ್ಚಿದರು. ಆಸ್ಕರ್ ಪ್ರಶಸ್ತಿಗೂ ಅದರ ಹೆಸರು ಸೂಚಿತವಾಯಿತು, ಆದರೆ ಪ್ರಶಸ್ತಿ 'ಬ್ರೇವ್' ಚಿತ್ರದ ಪಾಲಾಯಿತು. ಜನ ಮಾತ್ರ ನಿರೀಕ್ಷಿಸಿದಷ್ಟು ಬರಲಿಲ್ಲ. ಜಗತ್ತಿನಾದ್ಯಂತ ಗಳಿಕೆ ಸುಮಾರು 81 ದಶಲಕ್ಷ ಡಾಲರು. ಅದೇ ಹೊತ್ತಿಗೆ ಬಂದಿದ್ದ ಬಣ್ಣದ, ನಗೆಯ ಭೂತಗಳ ಚಿತ್ರ 'ಹೋಟೆಲ್ ಟ್ರಾನ್ಸಿಲ್ವೇನಿಯಾ' ಅದರ ನಾಲ್ಕು ಪಟ್ಟಿಗೂ ಹೆಚ್ಚು ಗಳಿಸಿತು. ಬಣ್ಣಕ್ಕೆ ಒಗ್ಗಿದ ಕಣ್ಣಿಗೆ ಕಪ್ಪು ಬಿಳುಪು ಬೇಸರ ತಂದೀತು. ಸಾವಿನ ಕಥೆಗೆ ಮಕ್ಕಳನ್ನು ಕರೆದೊಯ್ಯಲು ತಂದೆತಾಯಿ ಹಿಂಜರಿಯುವುದೂ ಸಹಜವೇ.

ಹೆಚ್ಚು ಚರ್ಚೆಯಾದದ್ದು ಚಿತ್ರದ ಕೊನೆ. ಬೆಂಕಿಯಿಂದ ವಿಕ್ಟರನನ್ನು ಕಾಪಾಡಿ ಸ್ಪಾರ್ಕಿ ಎರಡನೆಯ ಸಲ ಸಾಯುತ್ತದೆ. ಹುಡುಗ ಆ ಸಾವನ್ನು ಒಪ್ಪಿಕೊಳ್ಳುವ ಹೊತ್ತಿಗೆ ಊರವರೆಲ್ಲ ತಮ್ಮ ಕಾರುಗಳ ಬ್ಯಾಟರಿಯಿಂದ ಅದನ್ನು ಮತ್ತೆ ಬದುಕಿಸುತ್ತಾರೆ. ಸಾವು ಶಾಶ್ವತ ಎಂಬ ಕಹಿಸತ್ಯವನ್ನು ಹೇಳಹೊರಟು ಕೊನೆಯಲ್ಲಿ ಜಾರಿಕೊಂಡಿತು ಎಂಬುದು ಕೆಲವರ ಆಕ್ಷೇಪ. ಕಥೆಯಲ್ಲಾದರೂ ನಾಯಿ ಉಳಿಯಲಿ ಬಿಡಿ ಎಂದು ಇನ್ನು ಕೆಲವರು. ಎರಡೂ ವಾದಗಳಲ್ಲಿ ಹುರುಳಿದೆ.

ಅಂಜಿಕೆ ನಮಗೇನು ಹೊಸದೇ?

ಮಕ್ಕಳು ಮರಿ ಮುದುಕರೆಲ್ಲ ಒಟ್ಟಿಗೆ ಕುಳಿತು ಹೆದರುವುದು ಕನ್ನಡ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ರಾಕ್ಷಸ ಪಾತ್ರಧಾರಿ ಅಬ್ಬರಿಸುತ್ತ ಬಂದರೆ ಮುಂದೆ ಕುಳಿತ ಮಕ್ಕಳು ತಾಯಿಯ ಸೆರಗಿಗೆ ಜೋತುಬೀಳುವುದುಂಟು. ತೊಗಲುಗೊಂಬೆ ಆಟದಲ್ಲಿ ಪರದೆಯ ಹಿಂದೆ ದೀಪವಿಟ್ಟು ಚರ್ಮದ ಗೊಂಬೆಗಳನ್ನು ಕುಣಿಸುತ್ತಾರೆ. ರಾವಣ ಬರುತ್ತಾನೆ, ತಲೆಗಳು ಉರುಳುತ್ತವೆ. ಆದರೆ ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ ಹೋಗುತ್ತಾರೆ. ಅಂಜಿಕೆಯ ಪಕ್ಕದಲ್ಲಿಯೇ ನಗುವನ್ನು ಇಡಬೇಕೆಂಬ ಜಾಣತನ ನಮ್ಮ ಗೊಂಬೆಯಾಟದವರಿಗೆ ಎಂದೋ ತಿಳಿದಿತ್ತು. ಬರ್ಟನ್ ಮಾಡಿರುವುದೂ ಅದನ್ನೇ.

ಆದರೆ ಬೇರೊಂದು ಬಗೆಯ ಅಂಜಿಕೆಯನ್ನೂ ಈ ನಾಡು ಕಂಡಿದೆ. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವದ ವದಂತಿ ಹಬ್ಬಿ, ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆಗಳ ಗೋಡೆ, ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ರಾಕ್ಷಸನ ಅಂಜಿಕೆ ಆಟದ ಅಂಜಿಕೆ, ಬೆಳಗಾದರೆ ಮುಗಿಯಿತು. ವದಂತಿಯ ಅಂಜಿಕೆಗೆ ಬೆಳಗೇ ಇಲ್ಲ, ಏಕೆಂದರೆ ಅದನ್ನು ದೊಡ್ಡವರೇ ನಂಬಿದ್ದರು.

ಹೆದರಿದಾಗ ಎದೆ ಡವಡವ ಹೊಡೆದುಕೊಳ್ಳಲು, ಅಂಗೈ ಬೆವರಲು ಕಾರಣ ಅಡ್ರಿನಲಿನ್ ಎಂಬ ರಸದೂತ. ಓಡು ಇಲ್ಲವೇ ಹೋರಾಡು ಎಂದು ಅದು ಮೈಯನ್ನು ಸಜ್ಜುಗೊಳಿಸುತ್ತದೆ. ಪಕ್ಕದಲ್ಲಿ ಅವ್ವನ ಮಡಿಲಿದೆ, ಇದು ಬರೀ ಚಿತ್ರ ಎಂಬ ಅರಿವಿದ್ದರೆ ಅದೇ ನಡುಕ ಮೋಜಾಗುತ್ತದೆ. ಅದೇ ಚಿತ್ರವನ್ನು ಮಗು ಮೊಬೈಲಿನಲ್ಲಿ ಹೊದಿಕೆಯೊಳಗೆ ಒಂಟಿಯಾಗಿ ನೋಡಿದರೆ ನಿದ್ದೆ ಕೆಡಬಹುದು.

ಇದಕ್ಕೆ ಸರ್ಕಾರದ ಸೂಚನೆಯೂ ಇದೆ. 2023ರ ತಿದ್ದುಪಡಿಯ ನಂತರ ಭಾರತದಲ್ಲಿ ಯು/ಎ ಪ್ರಮಾಣಪತ್ರವನ್ನು 7, 13 ಮತ್ತು 16 ವರ್ಷಗಳ ಮೂರು ಮಟ್ಟಗಳಾಗಿ ವಿಂಗಡಿಸಲಾಗಿದೆ. ಆ ವಯಸ್ಸಿಗಿಂತ ಚಿಕ್ಕವರು ನೋಡಬೇಕೇ ಬೇಡವೇ ಎಂಬುದನ್ನು ಪಾಲಕರೇ ನಿರ್ಧರಿಸಬೇಕು. ಅದಕ್ಕೆ ಮೊದಲು ಅವರು ಆ ಅಂಕಿಯನ್ನಾದರೂ ಓದಬೇಕಲ್ಲ!

ಮೇಷ್ಟ್ರು ಹೇಳದೆ ಬಿಟ್ಟದ್ದು

ಚಿತ್ರದ ವಿಜ್ಞಾನ ಮೇಷ್ಟ್ರು ರಿಜ್‌ಕ್ರೂಸ್ಕಿ ಸ್ವಾರಸ್ಯದ ಮನುಷ್ಯ. ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಊರವರು ಸಭೆ ಸೇರಿಸಿ ಕೇಳಿದಾಗ, ನಯವಾಗಿ ಉತ್ತರಿಸುವ ಬದಲು ಅವರ ಅಜ್ಞಾನವನ್ನೇ ಜಾಡಿಸಿ ಕೆಲಸ ಕಳೆದುಕೊಳ್ಳುತ್ತಾರೆ. ಪ್ರೀತಿಯಿಂದ ಮಾಡಿದ ಪ್ರಯೋಗ ಫಲಿಸುತ್ತದೆ, ಇಲ್ಲವಾದರೆ ಕೆಡುತ್ತದೆ ಎಂಬುದು ಅವರ ಬೋಧನೆ. ಕಥೆಗೆ ಇದು ಚೆಂದ. ಪ್ರಯೋಗಶಾಲೆಯಲ್ಲಿ ಆಮ್ಲಕ್ಕೆ ಪ್ರೀತಿಯೂ ಗೊತ್ತಿಲ್ಲ, ದ್ವೇಷವೂ ಗೊತ್ತಿಲ್ಲ. ಯಾರು ಮಾಡಿದರೂ ಒಂದೇ ಫಲ ಬರಬೇಕು, ಆಗಲೇ ಅದು ವಿಜ್ಞಾನ.

ಕಪ್ಪೆಯ ಕಾಲು ಸೆಳೆಯುವುದಂತೂ ನಿಜ. ಇಟಲಿಯ ಲುಯಿಜಿ ಗಾಲ್ವಾನಿ ಇದನ್ನು ಕಂಡು 1791ರಲ್ಲಿ ಪ್ರಕಟಿಸಿದರು. ಸತ್ತ ದೇಹಕ್ಕೆ ವಿದ್ಯುತ್ತಿನಿಂದ ಜೀವ ಬರಬಹುದೇ ಎಂಬ ಆ ಕಾಲದ ಕುತೂಹಲದ ನೆರಳು ಮೇರಿ ಶೆಲ್ಲಿಯವರ 1818ರ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯ ಮೇಲೂ ಇದೆ. ಆದರೆ ಸ್ನಾಯು ಸೆಳೆಯುವುದೇ ಬೇರೆ, ಜೀವ ಬರುವುದೇ ಬೇರೆ. ರಕ್ತ ನಿಂತು ಆಮ್ಲಜನಕ ಸಿಗದಿದ್ದರೆ ಕೆಲವೇ ನಿಮಿಷಗಳಲ್ಲಿ ಮಿದುಳಿನ ಕೋಶಗಳು ಸಾಯತೊಡಗುತ್ತವೆ. ಯಾವ ಸಿಡಿಲೂ ಅವನ್ನು ಮರಳಿ ಕಟ್ಟಲಾರದು. ಆಸ್ಪತ್ರೆಯಲ್ಲಿ ಎದೆಗೆ ಕೊಡುವ ವಿದ್ಯುತ್ ಆಘಾತವೂ ಸತ್ತವರನ್ನು ಎಬ್ಬಿಸಲೆಂದು ಅಲ್ಲ. ತಾಳ ತಪ್ಪಿ ಅದುರುತ್ತಿರುವ ಹೃದಯವನ್ನು ಅದು ಒಂದು ಕ್ಷಣ ತಡೆಯುತ್ತದೆ. ಆಗ ಹೃದಯ ತನ್ನದೇ ಲಯಕ್ಕೆ ಮರಳಲು ಅವಕಾಶವಾಗುತ್ತದೆ.

ಇನ್ನು ಸಿಡಿಲಿಗೆ ಗಾಳಿಪಟ ಹಾರಿಸುವ ದೃಶ್ಯ. ಮಕ್ಕಳು ಹೆದರದ, ಆದರೆ ಪಾಲಕರು ನಿಜಕ್ಕೂ ಹೆದರಬೇಕಾದ ದೃಶ್ಯ ಇದೊಂದೇ! 1753ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗಿಯೋರ್ಗ್ ರಿಚ್‌ಮನ್ ಎಂಬ ವಿಜ್ಞಾನಿ ಗುಡುಗು ಮಳೆಯಲ್ಲಿ ಮೋಡದ ವಿದ್ಯುತ್ತನ್ನು ಅಳೆಯಹೋಗಿ ಸಿಡಿಲಿಗೆ ಬಲಿಯಾದರು. ಮಿಂಚು ಕಂಡ ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದು ತಿಳಿಯಬೇಕು. ಕೂಡಲೇ ಭದ್ರವಾದ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಮರದ ಕೆಳಗಂತೂ ನಿಲ್ಲಲೇಬಾರದು.

ಅಪ್ಪನ ಉತ್ತರ

ಈಗ ಆ ಮನೆಗೆ ಮರಳೋಣ. ಬೆರಳ ಸಂದಿಯಿಂದ ನೋಡಿದ ಹುಡುಗಿಯ ಅಂಜಿಕೆ ಬೆಳಗಾಗುವುದರೊಳಗೆ ಕರಗೀತು. ಚಿಕ್ಕವನ ಪ್ರಶ್ನೆ ಹಾಗೆ ಕರಗದು. ಅವನಿಗೆ ಬೇಕಾದದ್ದು ನಿಜ. "ಸುಮ್ಮನ ಮಲಕೋ" ಎಂದರೆ ಅವನು ಆಸೆಯನ್ನು ಒಳಗೇ ಇಟ್ಟುಕೊಳ್ಳುತ್ತಾನೆ. "ದೇವರ ಮನಿಗೆ ಹೋಗೇತಿ, ಬರತೈತಿ" ಎಂದರೆ ಬಾಗಿಲು ಕಾಯುತ್ತಾನೆ. ಚಿತ್ರ ಜಾರಿಕೊಂಡ ಮಾತನ್ನು ಮನೆಯಲ್ಲಿ ಯಾರಾದರೂ ಆಡಲೇಬೇಕು.

"ಇಲ್ಲಪಾ, ಸತ್ತದ್ದು ಹೊಳ್ಳಿ ಬರೂದಿಲ್ಲ. ಅದು ಸಿನಿಮಾ. ನಮ್ಮ ರಾಜಾ ಇದ್ದಾಗ ಏನೇನು ಮಾಡತಿತ್ತು, ನೆನಪೈತೇನು ನಿನಗ?" ಎಂದು ಅಪ್ಪ ಹೇಳಿ, ಮಗನನ್ನು ಹತ್ತಿರ ಎಳೆದುಕೊಂಡರೆ ಸಾಕು. ಮಗ ಆಗ ಅಳಬಹುದು. ಅಳಲಿ. ಅಕ್ಕ, ಅಣ್ಣ, ಆಯಿ ಎಲ್ಲರೂ ರಾಜಾನ ಒಂದೊಂದು ಚೇಷ್ಟೆಯನ್ನು ನೆನಪಿಸಿಕೊಂಡಾರು. ಟಿ.ವಿ. ಆರಿಸಿ ಮಲಗುವುದು ಅರ್ಧ ಗಂಟೆ ತಡವಾದರೂ ನಷ್ಟವಿಲ್ಲ.